ಆಲೆಯ ಮರೆಯಲ್ಲಿ ಗೋದಿ

ಇಂದು ಬೆಳಿಗ್ಗೆ ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ 6ನೆಯ ಅಧ್ಯಾಯ ಓದುತ್ತಿದ್ದೆ. 11ನೆಯ ವಚನ ದಾಟಿ ಮುಂದೆ ಹೋಗಲು ಮನಸ್ಸಾಗಲಿಲ್ಲ. ಒಫ್ರ ಎಂಬ ಊರಿನಲ್ಲಿ ಗಿದ್ಯೋನನೆಂಬ ಇಸ್ರಾಯೇಲ್ಯನು ದ್ರಾಕ್ಷಿ ಹಿಂಡುವ ಆಲೆಯ ಮರೆಯಲ್ಲಿ ಗೋದಿ ಬಡಿಯುತ್ತಿದ್ದಾನೆ. ಕಣ ಇರಬೇಕಾದದ್ದು ಗಾಳಿ ಬೀಸುವ ಬಯಲಿನಲ್ಲಿ. ತೂರಿದರೆ ಹೊಟ್ಟು ಹಾರಿಹೋಗಬೇಕು, ಕಾಳು ಕಾಲ ಬುಡಕ್ಕೆ ಬೀಳಬೇಕು. ಆಲೆಯೋ, ಬಂಡೆಯಲ್ಲಿ ಕೊರೆದ ತೊಟ್ಟಿ. ಅಲ್ಲಿ ಗಾಳಿಯೆಲ್ಲಿ? ಹೊಟ್ಟೆಲ್ಲ ಅವನ ಕಣ್ಣಿಗೇ, ಬೆವರಿದ ಕುತ್ತಿಗೆಗೇ ಮೆತ್ತಿಕೊಂಡಿರಬೇಕು.

ಬಯಲಿಗೆ ಬಂದರೆ ದಾಳಿಗೆ ಬರುವ ಮಿದ್ಯಾನ್ಯರೆಂಬ ಜನಾಂಗದವರ ಕಣ್ಣಿಗೆ ಬೀಳುವ ಭಯ. ಏಳು ವರ್ಷ, ಇಸ್ರಾಯೇಲ್ಯರು ಬಿತ್ತಿದಾಗಲೆಲ್ಲ ಅವರು ಅಮಾಲೇಕ್ಯರೆಂಬ ಇನ್ನೊಂದು ಜನಾಂಗದವರೊಡನೆ ಮಿಡತೆಗಳ ಹಾಗೆ ಬಂದು ಗಾಜಾದವರೆಗೂ ಬೆಳೆ ಹಾಳುಮಾಡುತ್ತಿದ್ದರು. ಕುರಿ, ದನ, ಕತ್ತೆ ಯಾವುದನ್ನೂ ಉಳಿಸುತ್ತಿರಲಿಲ್ಲ. ಜನ ಬೆಟ್ಟದ ಗುಹೆಗಳನ್ನು ಸೇರಿದ್ದರು.

ಮುಂದೆ ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಹೊರಟ ಗಿದ್ಯೋನನ 32,000 ಜನರ ಸೈನ್ಯ 300ಕ್ಕೆ ಇಳಿದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ತೊಟ್ಟಿಯೊಳಗೆ ಬಗ್ಗಿ, ಒಂದು ಹೊತ್ತಿನ ಕಾಳಿಗಾಗಿ ಕೋಲು ಬೀಸುವ ಈ ರೈತನೇ ಹತ್ತಿರದವನು. ಮಿದ್ಯಾನ್ಯರ ಮೇಲೂ ಪೂರ್ತಿ ಸಿಟ್ಟು ಬರುವುದಿಲ್ಲ. ಹಿಂದೊಮ್ಮೆ ಈಜಿಪ್ಟಿನಿಂದ ತಲೆತಪ್ಪಿಸಿಕೊಂಡು ಬಂದು ಬಾವಿಯ ಬಳಿ ಕುಳಿತಿದ್ದ, ಆಮೇಲೆ ಇಸ್ರಾಯೇಲ್ಯರ ನಾಯಕನಾದ ಮೋಶೆಯನ್ನು ಕರೆದು ಊಟ ಹಾಕಿ, ಮಗಳು ಚಿಪ್ಪೋರಳನ್ನು ಕೊಟ್ಟು ಮನೆಯಲ್ಲಿರಿಸಿಕೊಂಡವನು ಮಿದ್ಯಾನಿನ ಯಾಜಕನೇ ಅಲ್ಲವೇ? ಆ ಊಟದ ನೆನಪು ಎರಡೂ ಕಡೆ ಯಾರಿಗೂ ಉಳಿದಿರಲಿಲ್ಲವೇ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.