ಮುಯ್ಯಾಳಾಗಿ ಹೋದ ದಿನ

3 ಆಗಸ್ಟ್ 2025, ಭಾನುವಾರ
ಶಿರಸಿ ಸೀಮೆ, ರಾತ್ರಿ ಒಂಬತ್ತೂವರೆ

ಕೈಯೆಲ್ಲ ನೀಲಿ. ಮೂರು ಸಲ ಸೋಪು ಹಾಕಿ ತೊಳೆದೆ. ಉಗುರಿನ ಸಂದಿಯಲ್ಲಿ ಕೂತ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಮಾತ್ರ ಹೋಗಲಿಲ್ಲ. ಕರೆಂಟಿಲ್ಲ, ಫೋನಿನ ಚಾರ್ಜು ಇರುವಷ್ಟು ಹೊತ್ತು ಬರೆಯುತ್ತೇನೆ.

ಬೆಳಿಗ್ಗೆ ಎದ್ದಾಗ ಮಳೆ ನಿಂತು ಹೊಳವಾಗಿತ್ತು. ಎಷ್ಟು ದಿನದ ಮೇಲೆ! ದೋಸೆ ತಿನ್ನುವಾಗಲೇ ಕೆಳಗಿನಮನೆ ಭಾವ ಮದ್ದು ಹೊಡೆಯಲು ಹೊರಟಿದ್ದಾನೆ ಅಂತ ಆಯಿ ಹೇಳಿದಳು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಒದ್ದಾಡಿ ಪ್ರಯೋಜನ ಕಡಿಮೆ, ಬರುವ ಮೊದಲೇ ಹೊಡೆಯಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಅವನ ಎರಡನೇ ಮದ್ದಿನ ದಿನ ಆಗಲೇ ದಾಟಿತ್ತು. ಅಪ್ಪಯ್ಯನ ಹಳೇ ಅಂಗಿ ಹಾಕಿಕೊಂಡು ನಾನೂ ಇಳಿದೆ.

ನನ್ನನ್ನು ನೋಡಿ ಭಾವ ನಕ್ಕ. "ಬೇಕಾದ್ದು ಆಳು, ಇಂಜಿನಿಯರ್ ಅಲ್ದೇ!"

ಇರಲಿ. ನಾನು ಹೋಗಿದ್ದಕ್ಕೆ ಕಾರಣ ಇತ್ತು. ಜೂನ್‌ನಲ್ಲಿ ನಮ್ಮ ತೋಟಕ್ಕೆ ಮದ್ದು ಹೊಡೆದವರು ಇವರೇ. ಮೂರು ಜನ, ಎರಡು ದಿನ. ನಾವು ಕರೆದಿರಲಿಲ್ಲ. ಕರೆಯುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ, ಆಯಿಗೆ ಸಂಕೋಚ. ಒಂದು ಬೆಳಿಗ್ಗೆ ಅಡಿಕೆ ಮರ ಹತ್ತುವ ಕೊನೆಗಾರನನ್ನು ಕರೆದುಕೊಂಡು, ಪೈಪು ಹೊತ್ತುಕೊಂಡು ಬಂದು ಅಂಗಳದಲ್ಲಿ ನಿಂತಿದ್ದರು. "ಮುಯ್ಯಾಳು ಅಂದ್ಕ" ಎಂದಿದ್ದ ಭಾವ. ಮುಯ್ಯಾಳೆಂದರೆ ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ. ದುಡ್ಡಿನ ಮಾತೇ ಇಲ್ಲ.

ಆಗ ಅಪ್ಪಯ್ಯ ಮಂಚದ ಮೇಲಿದ್ದ. ಮಾರ್ಚ್‌ನಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆಯಂತೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಹುಬ್ಬಳ್ಳಿ ಮುಟ್ಟುವಾಗ ಆರು ಗಂಟೆ ಕಳೆದಿತ್ತು. ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದಾರಿ. ಅದಕ್ಕೂ ಮೊದಲು, ಸುಸ್ತಾಗಿರಬೇಕು, ಮಲಗಲಿ ಅಂತ ಆಯಿ ಬಿಟ್ಟಿದ್ದಳು. ಆ ಲೆಕ್ಕವನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಹಾಕಿದೆ. ಒಮ್ಮೆ ಬಾಯಿಬಿಟ್ಟು ಆಯಿಗೆ ಹೇಳಿಯೂಬಿಟ್ಟೆ. ಅವಳು ಏನೂ ಅನ್ನದೆ ಕೊಟ್ಟಿಗೆಗೆ ಹೋದಳು. ಹೇಳಬಾರದಿತ್ತು.

ಬೆಂಗಳೂರಿನ ಗೆಳತಿಯೊಬ್ಬಳು ಒಂದು ಆಪ್ ಕಳಿಸಿದ್ದಳು. ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆದು ಥ್ಯಾಂಕ್ಸ್ ಹೇಳಬೇಕು. ಮೊದಲ ದಿನ ಮಳೆ, ಚಹಾ, ಆಯಿ ಅಂತ ಬರೆದೆ. ಎರಡನೇ ದಿನವೂ ಅದೇ. ಮೂರನೇ ದಿನ ಸಿಟ್ಟು ಬಂದು ತೆಗೆದುಹಾಕಿದೆ. ಕೆಲವರಿಗೆ ಅದರಿಂದ ಅನುಕೂಲ ಆಗಬಹುದು, ನನಗೆ ಸುಳ್ಳು ಲೆಕ್ಕ ಬರೆದ ಹಾಗಾಯಿತು.

ಇವತ್ತು ನನಗೆ ಸಿಕ್ಕ ಕೆಲಸ ಮದ್ದು ಕಲಸುವುದು, ಪೈಪು ಎಳೆಯುವುದು. 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಆಮೇಲೆ ಕತ್ತಿಯ ಅಲಗು ಅದ್ದಿ ನೋಡುವುದು. ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಮೊದಲ ಡ್ರಮ್ಮಿನಲ್ಲಿ ಹಿಡಿಯಿತು! ಇನ್ನಷ್ಟು ಸುಣ್ಣ ಹಾಕಿ ಸರಿ ಮಾಡಿದೆವು. ಮೇಲಿನಿಂದ ಕೊನೆಗಾರ ಕೂಗುತ್ತಿದ್ದ, ಕೆಳಗೆ ನಾನು ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ, ಕೀಳುತ್ತ ಪೈಪು ಎಳೆಯುತ್ತಿದ್ದೆ. ಮೂರು ಗಂಟೆಗೆ ಮತ್ತೆ ಮೋಡ ಕವಿಯಿತು. ಅಷ್ಟರಲ್ಲಿ ಮುಕ್ಕಾಲು ತೋಟ ಆಗಿತ್ತು. ಆ ನೂರು ಕಿಲೋಮೀಟರ್ ಇಡೀ ದಿನ ನೆನಪಾಗಲಿಲ್ಲ ಅಂತ ಈಗ ಬರೆಯುವಾಗ ಹೊಳೆಯುತ್ತಿದೆ.

ಹೊರಡುವಾಗ ಭಾವ ನನ್ನದು ಅರ್ಧ ಆಳಿನ ಲೆಕ್ಕ ಅಂದ. ಜಗಳ ಆಡಿದೆ. ಅವನ ಹೆಂಡತಿ ನನ್ನ ಕಡೆ ಸೇರಿದಳು, ಪತ್ರೊಡೆಯನ್ನೂ ಕಟ್ಟಿಕೊಟ್ಟಳು.

ಅಪ್ಪಯ್ಯ ಈಗ ಗೋಡೆ ಹಿಡಿದು ಜಗಲಿವರೆಗೆ ಬರುತ್ತಾನೆ. ಹೋದ ಮಂಗಳವಾರ, ನಾಗರಪಂಚಮಿ ದಿನ, ಕಡುಬನ್ನು ಬಲಗೈಯಲ್ಲಿ ಹಿಡಿದ. ಬಾಯಿಗೆ ಮುಟ್ಟಲಿಲ್ಲ, ಆದರೆ ಹಿಡಿದ. ಮಾತು ಮಾತ್ರ ವಿಚಿತ್ರ. ಯಕ್ಷಗಾನದ ಪದ ಹೇಳು ಅಂದರೆ ಎರಡು ಸಾಲು ತಾಳ ತಪ್ಪದೆ ಹೇಳುತ್ತಾನೆ, ನೀರು ಕೇಳಲು ಬರುವುದಿಲ್ಲ. ಮಾತಿನ ಜಾಗ ಮೆದುಳಿನ ಎಡಗಡೆ ಜಾಸ್ತಿ, ಹಾಡಿಗೆ ಬಲಗಡೆಯದೂ ಸಹಾಯ ಇದೆ ಅಂತ ಥೆರಪಿಸ್ಟ್ ವಿವರಿಸಿದ್ದರು. ಬಾಯಿಗೆ ಸುಲಭವಾಗಿ ಬರುವುದು ಒಂದೇ ಶಬ್ದ, "ಕವಳ", ಅಂದರೆ ಎಲೆಯಡಿಕೆ. ನೀರು ಕವಳ, ದನ ಕವಳ, ನಾನೂ ಕವಳ. ಮೊದಮೊದಲು ಅಳು ಬರುತ್ತಿತ್ತು. ಈಗ ಮೂವರೂ ನಗುತ್ತೇವೆ, ಅಪ್ಪಯ್ಯನೇ ಮೊದಲು.

ಸಂಜೆ ಜಗಲಿ ಹತ್ತಿದಾಗ ನನ್ನ ನೀಲಿ ಕೈಯನ್ನೇ ನೋಡಿದ. ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಅದ್ದಿ ತೆಗೆದ ಹಾಗೆ ಮಾಡಿದ.

"ಕವಳ?" ಅಂದ, ಹುಬ್ಬು ಎತ್ತಿ.

ಒಂದು ಗಳಿಗೆ ಬೇಕಾಯಿತು ನನಗೆ. ಕವಳಕ್ಕೂ ಬೇಕಲ್ಲ ಸುಣ್ಣ!

"ಮೊದಲ ಡ್ರಮ್ಮಿಗೆ ಕಡಿಮೆ ಆಗಿತ್ತು ಅಪ್ಪಯ್ಯ. ಕತ್ತಿ ಅದ್ದಿ ನೋಡಿ ಆಮೇಲೆ ಹಾಕಿದೆವು."

ಸರಿ ಅನ್ನುವ ಹಾಗೆ ತಲೆ ಆಡಿಸಿದ.

ಇನ್ನು ಐದು ಆಳು ತೀರಿಸಬೇಕು. ಭಾವನ ಲೆಕ್ಕದಲ್ಲಿ ಐದೂವರೆ. ನಾಳೆ ಹೊಳವಾದರೆ ಉಳಿದ ಕಾಲು ತೋಟಕ್ಕೆ ಬೆಳಿಗ್ಗೆ ಏಳಕ್ಕೇ ಇಳಿಯಬೇಕು. ಚಾರ್ಜು 4 ಪರ್ಸೆಂಟ್.