ಹದಿನೆಂಟು ಟ್ಯಾಂಕ್‌ಗಳ ದಿನಚರಿ: ಪೆಟ್ರೋಲ್ ಹೆಲಿಕಾಪ್ಟರ್ ಹದಕ್ಕೆ ಬಂದ ಬಗೆ

ಈ ದಿನಚರಿಯಲ್ಲಿ ತಾರೀಖುಗಳ ಬದಲು ಟ್ಯಾಂಕ್‌ಗಳ ಲೆಕ್ಕ ಇಟ್ಟಿದ್ದೇನೆ, ಏಕೆಂದರೆ ಹೊಸ ಎಂಜಿನ್‌ನ ವಯಸ್ಸನ್ನು ಅದು ಕುಡಿದ ಪೆಟ್ರೋಲ್‌ನಿಂದಲೇ ಅಳೆಯಬೇಕಾಗುತ್ತದೆ. ಇದು ರೇಡಿಯೊದಿಂದ ನಿಯಂತ್ರಿಸಿ ಹಾರಿಸುವ ಮಾದರಿ ಹೆಲಿಕಾಪ್ಟರ್, ಯಂತ್ರದಲ್ಲಿರುವುದು 25.4 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಬ್ಲೇಡ್‌ಗಳ ಉದ್ದ 710 ಮಿ.ಮೀ., ಟ್ಯಾಂಕ್ ಅರ್ಧ ಲೀಟರಿನದು, ಇಂಧನವಿಲ್ಲದೆ ಒಟ್ಟು ತೂಕ ಸುಮಾರು ಐದೂವರೆ ಕಿಲೊ. ಇದಕ್ಕೂ ಮೊದಲು ನಾನು ಹಾರಿಸುತ್ತಿದ್ದುದು ಮೆಥನಾಲ್ ಮತ್ತು ನೈಟ್ರೊಮೀಥೇನ್ ಮಿಶ್ರಣದಿಂದ ಓಡುವ, ಗ್ಲೋ ಪ್ಲಗ್‌ನ (ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್) ಹೆಲಿಕಾಪ್ಟರ್‌ಗಳನ್ನು. ಆ ಅನುಭವ ಇಲ್ಲಿ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬಂತು, ಉಳಿದರ್ಧ ದಾರಿ ತಪ್ಪಿಸಿತು.

ಟ್ಯಾಂಕ್ ತುಂಬಿಸುವ ಮೊದಲು

ಜೋಡಣೆಯಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇರಲಿಲ್ಲ. ಬ್ಲೇಡ್‌ಗಳ ಓರೆಯನ್ನು (ಪಿಚ್) ಅಳೆಯುವ ಗೇಜ್ ಹಿಡಿದು, ಟ್ರಾನ್ಸ್‌ಮಿಟರ್‌ನ ಸ್ಟಿಕ್ಕಿನ ಕೆಳತುದಿಗೆ –3, ನಡುವಿಗೆ +5.5, ಮೇಲ್ತುದಿಗೆ +11 ಡಿಗ್ರಿ ಬರುವಂತೆ ಹೊಂದಿಸಿದೆ. ಹೆಚ್ಚು ಹೊತ್ತು ಹಿಡಿದದ್ದು ವಿದ್ಯುತ್ತಿನ ಕೆಲಸ. ತಿರುಗುವ ಆಯಸ್ಕಾಂತದಿಂದಲೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇಗ್ನಿಷನ್‌ಗೆ ಬ್ಯಾಟರಿ ಬೇಡ, ಆದರೆ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೊ ಪ್ರಸಾರವೇ. ಆದ್ದರಿಂದ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿ, ರಿಸೀವರ್ ಮತ್ತು ಬಾಲ ತಿರುಗದಂತೆ ಹಿಡಿದಿಡುವ ಗೈರೊಗಳನ್ನು ಎಂಜಿನ್‌ನಿಂದ ಆದಷ್ಟು ದೂರ, ಮೂಗಿನ ತುದಿಗೆ ಒಯ್ದೆ. ಮ್ಯಾಗ್ನೆಟೊ ಎಂಜಿನ್ ನಿಲ್ಲಬೇಕಾದರೆ ಕಾಯಿಲ್‌ನ ತಂತಿಯನ್ನು ಎಂಜಿನ್‌ನ ಲೋಹಕ್ಕೆ ಮುಟ್ಟಿಸಬೇಕು. ಆ ಕೆಲಸವನ್ನು ಟ್ರಾನ್ಸ್‌ಮಿಟರ್‌ನಿಂದಲೇ ಮಾಡುವ ಸ್ವಿಚ್ಚನ್ನು ಕೂರಿಸಿದ್ದೇನೆ. ಅದು ಬೇಕಿಲ್ಲ ಎನ್ನುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ರೋಟರ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಈ ಬ್ಲೇಡ್‌ಗಳ ತುದಿ ಗಂಟೆಗೆ 440 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿರುತ್ತದೆ. ಥ್ರಾಟಲ್ ತೆರೆದು ಮುಚ್ಚುವ ಪುಟ್ಟ ಮೋಟಾರು (ಸರ್ವೊ) ಅರ್ಧಕ್ಕೆ ಸಿಕ್ಕಿಕೊಂಡರೆ ಎಂಜಿನ್ ಆರಿಸಲು ಬೇರೆ ದಾರಿಯೇ ಇರುವುದಿಲ್ಲ.

ಟ್ಯಾಂಕ್ 1ರಿಂದ 3

ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ, ಎಂದರೆ 25ಕ್ಕೆ 1ರ ಪ್ರಮಾಣ. ಪೆಟ್ರೋಲ್ ತುಂಬಿಸುವುದು ಯಾವಾಗಲೂ ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ. ಕಾರ್ಬ್ಯುರೇಟರ್‌ನ ಎಲ್ ಮತ್ತು ಎಚ್ ಸ್ಕ್ರೂಗಳನ್ನು (ಕಡಿಮೆ ಮತ್ತು ಹೆಚ್ಚಿನ ವೇಗದಲ್ಲಿ ಪೆಟ್ರೋಲ್‌ನ ಪ್ರಮಾಣ ಹೊಂದಿಸುವವು) ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ತಲಾ ಒಂದೂಕಾಲು ಸುತ್ತು ತೆರೆದೆ. ಗ್ಲೋ ಎಂಜಿನ್‌ನಲ್ಲಿ ಸೈಲೆನ್ಸರ್‌ನ ಒತ್ತಡವನ್ನು ಟ್ಯಾಂಕಿಗೆ ಕೊಟ್ಟು ಇಂಧನ ತಳ್ಳಿಸುವುದು ರೂಢಿ. ಇಲ್ಲಿನ ಡಯಾಫ್ರಮ್ ಕಾರ್ಬ್ಯುರೇಟರ್ ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದಲೇ ಪಂಪ್ ನಡೆಸಿ ಇಂಧನವನ್ನು ತಾನೇ ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಗಾಳಿಯಾಡುವ ಒಂದು ಕೊಳವೆ ಇದ್ದರೆ ಸಾಕು. ಚೋಕ್ ಎಳೆದು, ರೋಟರ್ ತಲೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಸ್ಟಾರ್ಟರ್ ಒತ್ತಿದಾಗ ಐದನೆಯ ಯತ್ನಕ್ಕೆ ಎಂಜಿನ್ ಹತ್ತಿಕೊಂಡಿತು. ಮೂರು ಟ್ಯಾಂಕ್‌ಗಳನ್ನೂ ನೆಲದ ಮೇಲೆ ಮತ್ತು ಮೊಣಕಾಲೆತ್ತರದ ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು) ಕಳೆದೆ. ಹೊಗೆ ದಂಡಿಯಾಗಿತ್ತು, ಗುಡುಗುಡು ಸದ್ದೂ ಇತ್ತು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂಬುದಕ್ಕೆ ಅದೇ ಗುರುತು, ಹೊಸ ಎಂಜಿನ್‌ಗೆ ಅದೇ ಕ್ಷೇಮ.

ಟ್ಯಾಂಕ್ 4ರಿಂದ 7

ತೊಂದರೆ ಶುರುವಾದದ್ದು ಇಲ್ಲಿ. ಹೋವರ್‌ನಲ್ಲಿ ನಿಂತ ಯಂತ್ರದ ಬಾಲ ಎರಡು ಮೂರು ಸೆಕೆಂಡಿಗೊಮ್ಮೆ ಎಡಬಲಕ್ಕೆ ಚಿಟಿಕೆ ಹೊಡೆದಂತೆ ತಿರುಗುತ್ತಿತ್ತು. ಗೈರೊದ ಸೂಕ್ಷ್ಮತೆ ಇಳಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಗ್ಲೋ ಎಂಜಿನ್‌ನ ಹಳೆಯ ಚಾಳಿಯಂತೆ ಕೈ ಎಚ್ ಸ್ಕ್ರೂವಿನ ಕಡೆಗೇ ಹೋಯಿತು. ಎಂಟನೆಯ ಒಂದು ಸುತ್ತು ತೆರೆದಾಗ ಹೊಗೆ ಹೆಚ್ಚಿತು, ಬಾಲದ ಚೇಷ್ಟೆ ಹಾಗೆಯೇ ಇತ್ತು. ಅಷ್ಟನ್ನೇ ಮುಚ್ಚಿದಾಗ ಹೊಗೆ ಇಳಿಯಿತು, ಬಾಲ ಮಾತ್ರ ಬದಲಾಗಲಿಲ್ಲ. ಎರಡು ಟ್ಯಾಂಕ್ ಇದರಲ್ಲೇ ವ್ಯರ್ಥವಾದವು.

ನನ್ನನ್ನು ಮರುಳು ಮಾಡಿದ್ದು ಗವರ್ನರ್. ಫ್ಯಾನ್‌ನಲ್ಲಿರುವ ಆಯಸ್ಕಾಂತವನ್ನು ಸೆನ್ಸರ್‌ನಿಂದ ಎಣಿಸುತ್ತ, ಎಂಜಿನ್ ನಿಧಾನವಾದರೆ ಥ್ರಾಟಲ್ ತೆರೆದು, ಜೋರಾದರೆ ಮುಚ್ಚಿ, ಅದು ಸುತ್ತುಗಳನ್ನು ಸ್ಥಿರವಾಗಿಡಲು ಹೆಣಗುತ್ತಿರುತ್ತದೆ. ಹಾಗಾಗಿ ಎಂಜಿನ್‌ನ ನಿಜವಾದ ರೋಗ ಕಿವಿಗೆ ಕೇಳಿಸುವುದೇ ಇಲ್ಲ. ಆರನೆಯ ಟ್ಯಾಂಕಿನಲ್ಲಿ ಗವರ್ನರ್ ಆರಿಸಿ, ಹೋವರ್‌ನ ಆಸುಪಾಸಿನಲ್ಲಿ ಥ್ರಾಟಲ್ ಬದಲಾಗದಂತೆ ಟ್ರಾನ್ಸ್‌ಮಿಟರ್‌ನ ಕರ್ವನ್ನು (ಸ್ಟಿಕ್ಕಿಗೆ ತಕ್ಕ ಥ್ರಾಟಲ್‌ನ ಗೆರೆ) ಚಪ್ಪಟೆ ಮಾಡಿ ಹಾರಿಸಿದಾಗ ಎಂಜಿನ್ ಕುಗ್ಗಿ, ಮತ್ತೆ ಏಕಾಏಕಿ ಚುರುಕಾಗುವುದು ಸ್ಪಷ್ಟವಾಗಿ ಕೇಳಿಸಿತು. ಪುಟ್ಟ ಕ್ಯಾಮೆರಾವೊಂದನ್ನು ಸ್ಕಿಡ್‌ಗೆ (ಯಂತ್ರ ನೆಲಕ್ಕೂರುವ ಕಾಲು) ಕಟ್ಟಿ, ಇಂಧನದ ಕೊಳವೆಯತ್ತ ತಿರುಗಿಸಿ, ಏಳನೆಯ ಟ್ಯಾಂಕ್ ಹಾರಿಸಿದೆ. ಚಿತ್ರದಲ್ಲಿ ಕಂಡದ್ದು ಇಷ್ಟು: ಹಳದಿ ಕೊಳವೆಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು, ಆ ಸಾಲು ಕಾರ್ಬ್ಯುರೇಟರ್ ತಲುಪಿದ ಗಳಿಗೆಯಲ್ಲೇ ಸದ್ದು ಬದಲಾಗುತ್ತಿತ್ತು. ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಸೋಪಿನ ನೀರಿನಂತೆ ನೊರೆಗಟ್ಟಿತ್ತು. ಪೆಟ್ರೋಲ್ ತಾನಾಗಿ ನೊರೆಯಾಗುವುದಿಲ್ಲ, ಯಾವುದೋ ನಡುಕ ಅದನ್ನು ಕಡೆಯುತ್ತಿರಬೇಕು.

ಟ್ಯಾಂಕ್ 8ಕ್ಕೆ ಮುನ್ನ, ಮೇಜಿನ ಮೇಲೆ ಎರಡು ಸಂಜೆ

ಎಂಜಿನನ್ನು ಬಿಚ್ಚಿ ಹೊರತೆಗೆದು, ಕೈಯಿಂದ ಸಲೀಸಾಗಿ ತಿರುಗಲೆಂದು ಸ್ಪಾರ್ಕ್ ಪ್ಲಗ್ ಕಳಚಿ, ಸೂಕ್ಷ್ಮ ಓಲಾಟ ಅಳೆಯುವ ಡಯಲ್ ಗೇಜಿನ ಮೊನೆಯನ್ನು, ಎಂಜಿನ್ ತಂಪು ಮಾಡುವ ಫ್ಯಾನ್‌ನ ನಡುಭಾಗಕ್ಕೆ (ಹಬ್) ತಾಗಿಸಿದೆ. ಒಂದು ಸುತ್ತಿನಲ್ಲಿ ಮುಳ್ಳು 0.14 ಮಿ.ಮೀ.ನಷ್ಟು ಆಚೀಚೆ ಆಡಿತು. ಕಣ್ಣಿಗೆ ಕಾಣುವ ಅಳತೆಯಲ್ಲ ಅದು, ಆದರೆ ನಿಮಿಷಕ್ಕೆ 10,000 ಸುತ್ತಿನಲ್ಲಿ ಇಡೀ ಚೌಕಟ್ಟನ್ನು ನಡುಗಿಸಲು ಸಾಕು. ನಾಲ್ಕು ಸ್ಕ್ರೂಗಳನ್ನು ಸಡಿಲಿಸಿ ಹಬ್ಬನ್ನು ತೆಗೆದಾಗ, ಅದು ಕೂರುವ ಅಂಚಿನಲ್ಲಿ ಒಣಗಿ ಗಟ್ಟಿಯಾದ ಲಾಕ್‌ಟೈಟ್‌ನ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಒಂದು ಹರಳು ಸಿಕ್ಕಿತು. ಜೋಡಿಸುವಾಗ ಅತಿ ಎಚ್ಚರಿಕೆಯಿಂದ ಎರಡು ತೊಟ್ಟು ಹೆಚ್ಚಿಗೆ ಹಾಕಿದವನು ನಾನೇ. ಅಂಚನ್ನು ಒರೆಸಿ, ಹಬ್ಬನ್ನು ಕಾಲು ಸುತ್ತಿನಂತೆ ತಿರುಗಿಸಿ ಕೂರಿಸಿ, ಪ್ರತಿ ಸಲವೂ ಅಳೆದೆ: 0.06, 0.05, 0.03. ಮೂರನೆಯದನ್ನು ಉಳಿಸಿಕೊಂಡೆ. ಟ್ಯಾಂಕಿನ ಅಡಿಗೆ ಮೆತ್ತನೆಯ ಫೋಮ್ ಪಟ್ಟಿಯನ್ನೂ ಅಂಟಿಸಿದೆ.

ಟ್ಯಾಂಕ್ 8ರಿಂದ 12

ಗುಳ್ಳೆಗಳು ಹೋದವು, ಬಾಲ ನಿಂತಲ್ಲೇ ನಿಂತಿತು. ಈಗ ಮಾತ್ರ ಎಚ್ ಸ್ಕ್ರೂ ತಿರುಗಿಸುವುದಕ್ಕೆ ಅರ್ಥ ಬಂತು. ಗವರ್ನರ್ ಇಲ್ಲದೆಯೇ ಪೂರ್ಣ ಪಿಚ್‌ನಲ್ಲಿ ಏರಿಸುತ್ತ, ಗುಡುಗುಡು ಸದ್ದು ಪೂರ್ತಿ ಅಳಿಯುವ ತುಸು ಮೊದಲೇ ನಿಲ್ಲಿಸಿದೆ. ಒಂದು ಸುತ್ತು ಮತ್ತು ಎಂಟನೆಯ ಒಂದು ಭಾಗಕ್ಕೆ ಹದ ಸಿಕ್ಕಿತು. ಇಳಿಸಿ ಪ್ಲಗ್ ಬಿಚ್ಚಿದಾಗ ಅದರ ತುದಿ ತಿಳಿಗಂದು ಬಣ್ಣಕ್ಕೆ ತಿರುಗಿತ್ತು. ಹತ್ತನೆಯ ಟ್ಯಾಂಕಿನಿಂದ ಎಣ್ಣೆಯನ್ನು 32ಕ್ಕೆ 1ಕ್ಕೆ ಇಳಿಸಿ, ಗವರ್ನರನ್ನು 1,500 ಸುತ್ತಿಗೆ ಹಚ್ಚಿದೆ.

ಟ್ಯಾಂಕ್ 13ರಿಂದ 18

ಹದಿಮೂರರಲ್ಲಿ ಸೈಲೆನ್ಸರ್‌ನ ಒಂದು ಸ್ಕ್ರೂ ಸಡಿಲವಾಯಿತು. ಅಲ್ಲಿನ ಬಿಸಿಗೆ ಸಾಮಾನ್ಯ ಲಾಕ್‌ಟೈಟ್ ತಡೆಯುವುದಿಲ್ಲ. ಈಗ ಎರಡೂ ಸ್ಕ್ರೂಗಳ ತಲೆಯಿಂದ ಲೋಹದ ಮೇಲೆ ಹಾಯುವಂತೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ, ಗೆರೆ ಮುರಿದಿದೆಯೇ ಎಂದು ಪ್ರತಿ ಟ್ಯಾಂಕಿನ ನಂತರ ನೋಡುತ್ತೇನೆ.

ಹದಿನೆಂಟನೆಯ ಟ್ಯಾಂಕ್ ಹೋವರ್ ಮತ್ತು ನಿಧಾನದ ಸುತ್ತುಗಳಲ್ಲಿ 17 ನಿಮಿಷ ಹಾರಿತು, ಇಳಿದಾಗ ಸುಮಾರು 90 ಮಿ.ಲೀ. ಉಳಿದಿತ್ತು. ಅಂದು ಸಂಜೆ ಫ್ಯಾನ್‌ನ ಹಬ್ಬನ್ನು ಮತ್ತೆ ಅಳೆದೆ: 0.03 ಇದ್ದದ್ದು 0.04 ಆಗಿದೆ. ಸದ್ಯಕ್ಕೆ ಮುಟ್ಟುವುದಿಲ್ಲ, 25ನೆಯ ಟ್ಯಾಂಕ್ ಮುಗಿದ ಮೇಲೆ ಇನ್ನೊಮ್ಮೆ ಅಳೆಯುತ್ತೇನೆ, ಅಲ್ಲಿಯವರೆಗೆ ಆಟೊರೊಟೇಷನ್ (ಎಂಜಿನ್‌ನ ಬಲವಿಲ್ಲದೆ ಇಳಿಸುವುದು) ಅಭ್ಯಾಸವನ್ನು ಮುಂದಕ್ಕೆ ಹಾಕಿದ್ದೇನೆ.