ಕ್ಯಾನ್ಸೋದ ಅಡುಗೆಮನೆಯಲ್ಲಿ ಸ್ಟ್ಯಾನ್ ರೋಜರ್ಸ್

ಹ್ಯಾಲಿಫ್ಯಾಕ್ಸ್‌ಗೆ ಕೆಲಸಕ್ಕೆಂದು ಬಂದ ನಾಲ್ಕನೆಯ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ, ಒಂದು ಶನಿವಾರ, ಸಹೋದ್ಯೋಗಿಯೊಬ್ಬರು ತಮ್ಮ ತಾಯಿಯ ಮನೆಗೆ ಹೊರಟವರು ನನ್ನನ್ನೂ ಜೊತೆಗೆ ಕರೆದರು. ಅವರ ಊರು ಕ್ಯಾನ್ಸೋ. ನೋವಾ ಸ್ಕೋಶಿಯಾ ಪ್ರಾಂತ್ಯದ ಮುಖ್ಯಭೂಮಿ ಪೂರ್ವದ ಕಡೆಗೆ ಚಾಚಿಕೊಂಡು ಅಟ್ಲಾಂಟಿಕ್ ಸಾಗರಕ್ಕೆ ಮುಟ್ಟುವ ತುದಿಯಲ್ಲಿರುವ ಮೀನುಗಾರರ ಊರು ಅದು. ಹ್ಯಾಲಿಫ್ಯಾಕ್ಸ್‌ನಿಂದ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆಯ ದಾರಿ. ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಆ ಊರಿನ ಹೆಸರನ್ನು ನಾನು ಭೂಪಟದಲ್ಲಿ ನೋಡುವ ಮೊದಲೇ, ತಾವೇ ಹಾಡು ಬರೆದು ಹಾಡುತ್ತಿದ್ದ ಕೆನಡಾದ ಜನಪದ ಗಾಯಕ ಸ್ಟ್ಯಾನ್ ರೋಜರ್ಸ್ ಅವರ ಜೀವನದ ಕಥೆಯಲ್ಲಿ ಓದಿದ್ದೆ.

ಕೆನಡಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಸಂಜೆ ನಾಲ್ಕೂವರೆಗೇ ಕತ್ತಲಾಗುವ ದಿನಗಳಲ್ಲಿ, ನನಗೆ ಆಸರೆಯಾಗಿದ್ದದ್ದು ಅವರ ಧ್ವನಿ. ಆರಡಿ ನಾಲ್ಕು ಅಂಗುಲದ ಆಳು, ಬೋಳು ತಲೆ, ದಟ್ಟ ಗಡ್ಡ, ಮಂದ್ರಸ್ಥಾಯಿಯಲ್ಲಿ ನಿಂತರೆ ಎದೆಗೂಡಿಗೆ ತಾಗುವಂಥ ಕಂಠ. ಹಾಡಿದ್ದೆಲ್ಲ ದುಡಿಯುವವರ ಬದುಕು. ಬಲೆ ಎಳೆಯುವವರು, ಹೊಲ ಉಳುವವರು, ಊರಲ್ಲಿ ಕೆಲಸ ಸಿಗದೆ ಪಶ್ಚಿಮದ ತೈಲ ಕಾರ್ಖಾನೆಗಳಿಗೆ ಗುಳೆ ಹೋದವರು. ಗುಳೆ ಎಂಬ ನಮ್ಮ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಏಕೆಂದರೆ ಆ ಹಾಡುಗಳಲ್ಲಿರುವ ಸಂಕಟಕ್ಕೆ ವಲಸೆ ಎಂಬ ಪುಸ್ತಕದ ಪದ ಸಾಲುವುದಿಲ್ಲ.

ಆಂಟಿಗೊನಿಷ್ ಪಟ್ಟಣದ ಬಳಿ ಶೆರ್‌ಬ್ರುಕ್ ಊರಿಗೆ ತಿರುಗುವ ದಾರಿಯ ಫಲಕ ಕಂಡಾಗ ಸಹೋದ್ಯೋಗಿಯೂ ನಾನೂ ಒಟ್ಟಿಗೇ ಕೈ ತೋರಿಸಿದೆವು. 'ಬ್ಯಾರೆಟ್ಸ್ ಪ್ರೈವೆಟೀರ್ಸ್' ಎಂಬ ಹಾಡಿನಲ್ಲಿ ಕಾಲುಗಳನ್ನು ಕಳೆದುಕೊಂಡು ಹ್ಯಾಲಿಫ್ಯಾಕ್ಸ್‌ನ ಧಕ್ಕೆಯಲ್ಲಿ ಕುಳಿತಿರುವ ನಾವಿಕ, ತಾನು ಶೆರ್‌ಬ್ರುಕ್‌ನಲ್ಲೇ ಇರಬಾರದಿತ್ತೇ ಎಂದು ಹಂಬಲಿಸುತ್ತಾನೆ. ಕಥೆ ನಡೆಯುವುದು 1778ರಲ್ಲಿ, ಆದ್ದರಿಂದ ಇದು ಇನ್ನೂರು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ ಜನಪದ ಗೀತೆಯೆಂದು ನಂಬುವವರನ್ನು ನಾನು ಕಂಡಿದ್ದೇನೆ. ವಾಸ್ತವದಲ್ಲಿ ಅದು ಸ್ಟ್ಯಾನ್ 1970ರ ದಶಕದಲ್ಲಿ ತಾವೇ ಬರೆದ ಹಾಡು. ಬರೆದವರ ಹೆಸರು ಮರೆತುಹೋಗಿ ಹಾಡು ಜನರದ್ದೇ ಆಗಿಬಿಡುವುದು ಎಷ್ಟು ಜನ ಕವಿಗಳಿಗೆ ದಕ್ಕುತ್ತದೆ?

ಅವರು ಹುಟ್ಟಿದ್ದು ಕ್ಯಾನ್ಸೋದಲ್ಲಿ ಅಲ್ಲ, 1949ರಲ್ಲಿ, ಒಂಟಾರಿಯೊದ ಹ್ಯಾಮಿಲ್ಟನ್ ನಗರದಲ್ಲಿ. ತಂದೆ ಇಟ್ಟಿಗೆ ಕೆಲಸದ ಗಾರೆಯವರು. ತಂದೆತಾಯಿ ಇಬ್ಬರೂ ಕಡಲತೀರದ ಪ್ರಾಂತ್ಯಗಳನ್ನು ಬಿಟ್ಟು ಜೀವನೋಪಾಯಕ್ಕಾಗಿ ಒಳನಾಡಿಗೆ ಬಂದವರು. ಬೇಸಿಗೆ ರಜೆಗಳಲ್ಲಿ ಮಗ ತಾಯಿಯ ಕಡೆಯ ನೆಂಟರ ಮನೆಗೆ, ಕ್ಯಾನ್ಸೋ ಇರುವ ಈ ಗೈಸ್‌ಬರೊ ಸೀಮೆಗೆ, ಹೋಗಿಬರುತ್ತಿದ್ದರು. ಐದು ವರ್ಷದ ಹುಡುಗನಿಗೆ ಸೋದರಮಾವ ಕೈಯಾರೆ ಒಂದು ಪುಟ್ಟ ಗಿಟಾರ್ ಮಾಡಿಕೊಟ್ಟಿದ್ದರು. 1970ರ ಸುಮಾರಿಗೆ ದೊಡ್ಡ ಧ್ವನಿಮುದ್ರಣ ಸಂಸ್ಥೆಯೊಂದು ಅವರಿಂದ ಒಂದೆರಡು ಹಾಡುಗಳನ್ನು ಹಾಡಿಸಿತಾದರೂ ಅವು ಯಾರ ಗಮನವನ್ನೂ ಸೆಳೆಯಲಿಲ್ಲ. ಅವರ ಚಿಕ್ಕಮ್ಮ ಒಬ್ಬರು, ಈ ಊರಿನ ಬಗ್ಗೆ ಯಾಕೆ ಬರೆಯಬಾರದು ಎಂದು ಕೇಳಿದ ಮೇಲೆ ದಾರಿ ತೆರೆಯಿತು. ಹಾಗೆ ಬಂದದ್ದು ಮೊದಲ ಆಲ್ಬಮ್ 'ಫೋಗರ್ಟೀಸ್ ಕೋವ್'. ತಾಯಿಯ ಊರಿನ ಋಣವನ್ನು ತೀರಿಸಲು ಹೊರಟವರಿಗೆ ತಮ್ಮ ಸ್ವಂತ ಕಂಠ ಸಿಕ್ಕಿದ್ದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಗೈಸ್‌ಬರೊ ದಾಟಿದ ಮೇಲೆ ರಸ್ತೆ ಚೆಡಬಕ್ಟೊ ಕೊಲ್ಲಿಯ ಪಕ್ಕದಲ್ಲೇ ಸಾಗುತ್ತದೆ. ಮಂಜು ಕವಿದು ನೀರು ಕಾಣಿಸುತ್ತಿರಲಿಲ್ಲ, ಉಪ್ಪಿನ ವಾಸನೆ ಮಾತ್ರ ಕಿಟಕಿಯಿಂದ ಒಳಗೆ ಬರುತ್ತಿತ್ತು. ಇಂಥ ರಸ್ತೆಗಳಲ್ಲೇ ಸ್ಟ್ಯಾನ್ ತಮ್ಮ ಆಯುಷ್ಯದ ಬಹುಪಾಲನ್ನು ಕಳೆದರು. ಪಿಟೀಲು, ಕೊಳಲು ನುಡಿಸುವ ತಮ್ಮ ಗಾರ್ನೆಟ್ ಮತ್ತು ಒಬ್ಬ ಬೇಸ್ ಗಿಟಾರ್ ವಾದಕ ಜೊತೆಗೆ, ಒಂದು ವ್ಯಾನ್, ಕಾಫಿ ಅಂಗಡಿಗಳು, ಜನಪದ ಸಂಗೀತದ ಕ್ಲಬ್ಬುಗಳು, ಚರ್ಚಿನ ಸಭಾಂಗಣಗಳು. ಕೆನಡಾದಂಥ ದೇಶದಲ್ಲಿ ಒಂದು ಊರಿನ ಕಾರ್ಯಕ್ರಮದಿಂದ ಮುಂದಿನ ಊರಿನ ಕಾರ್ಯಕ್ರಮಕ್ಕೆ ಸಾವಿರ ಕಿಲೋಮೀಟರ್ ಇರುವುದುಂಟು. ಆ ಅಲೆದಾಟವೇ ಅವರ ಓದು. ಕಡಲತೀರದ ಹಾಡುಗಳಾದ ಮೇಲೆ 1981ರ 'ನಾರ್ತ್‌ವೆಸ್ಟ್ ಪ್ಯಾಸೇಜ್' ಆಲ್ಬಮ್‌ನಲ್ಲಿ ಪಶ್ಚಿಮದ ಬಯಲುಸೀಮೆಯ ರೈತರು ಬಂದರು. ಅದರ ಶೀರ್ಷಿಕೆಯ ಹಾಡಿನಲ್ಲಿ, ಬಯಲನ್ನು ಕಾರಿನಲ್ಲಿ ದಾಟುವ ಇಂದಿನ ಮನುಷ್ಯ, 1845ರಲ್ಲಿ ಉತ್ತರ ಧ್ರುವದ ಹಿಮದಲ್ಲಿ ದಾರಿ ಹುಡುಕಲು ಹೊರಟು ಮರಳಿ ಬಾರದ ಫ್ರಾಂಕ್ಲಿನ್‌ನನ್ನು ನೆನೆಯುತ್ತಾನೆ. ಆಮೇಲೆ ಮಹಾ ಸರೋವರಗಳ ಹಡಗಿನವರ ಸರದಿ. ಆ ಆಲ್ಬಮ್ ಹೊರಬಂದದ್ದು 1984ರಲ್ಲಿ. ಅಷ್ಟರಲ್ಲಿ ಹಾಡಿದವರೇ ಇರಲಿಲ್ಲ.

ಸಹೋದ್ಯೋಗಿಯ ತಾಯಿಗೆ ಎಂಬತ್ತರ ಹತ್ತಿರದ ವಯಸ್ಸು. ಬೂಟು ಬಿಚ್ಚಿ ಒಳಗೆ ಹೋದ ತಕ್ಷಣ ನಮ್ಮನ್ನು ಅಡುಗೆಮನೆಯ ಮೇಜಿನ ಮುಂದೆಯೇ ಕೂರಿಸಿದರು. ಈ ಭಾಗದಲ್ಲಿ ನೆಂಟರು ಬಂದರೆ ಮಾತು, ಚಹಾ, ಹಾಡು ಎಲ್ಲವೂ ಅಡುಗೆಮನೆಯಲ್ಲೇ. ಅವರ ಅಣ್ಣ, ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದವರು, ಒಲೆಯ ಪಕ್ಕದ ಕುರ್ಚಿಯಲ್ಲಿದ್ದರು. ನನಗೆ ಸ್ಟ್ಯಾನ್ ಹಾಡುಗಳೆಂದರೆ ಇಷ್ಟವೆಂದು ಮಗ ಹೇಳಿದ್ದೇ ತಡ, ಅಣ್ಣ ಯಾವ ವಾದ್ಯವೂ ಇಲ್ಲದೆ ಒಂದು ಹಾಡಿಗೆ ಶುರುಮಾಡಿಬಿಟ್ಟರು, ತಂಗಿ ಪಲ್ಲವಿಗೆ ದನಿಗೂಡಿಸಿದರು. ಆಗ ನಾನು ಆ ತಾಯಿಯ ಕೈಗಳನ್ನು ನೋಡಿದೆ. ಬಲಗೈ ಮೇಜಿನ ಮೇಲೆ ತಾಳಕ್ಕೆ ಸರಿಯಾಗಿ ತಮ್ಮ ಕಡೆಗೆ ಜಾರುತ್ತಿತ್ತು, ಮಣಿಕಟ್ಟು ಸ್ವಲ್ಪ ತಿರುಗುತ್ತಿತ್ತು, ಮತ್ತೆ ಮುಂದಕ್ಕೆ ಹೋಗುತ್ತಿತ್ತು; ಎಡಗೈ ಬೆರಳುಗಳು ಇಲ್ಲದ ಏನನ್ನೋ ಒತ್ತಿ ಹಿಡಿದಿದ್ದವು. ಹಾಡು ಮುಗಿದ ಮೇಲೆ ಕೇಳಿದೆ. ಮೀನು ಸಂಸ್ಕರಣೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾಡ್ ಮೀನಿನ ಮುಳ್ಳು ಬಿಡಿಸಿ ಸೀಳಿದ್ದ ಕೈ ಅದು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಚಾಕುವಿನ ಬಿಳಿ ಗೆರೆಗಳು ಒಂದರ ಪಕ್ಕದಲ್ಲಿ ಒಂದು ಇದ್ದವು. "ಅವನು ಕೆಲಸವನ್ನು ಸರಿಯಾಗಿ ಹಾಡಿದ. ನೋಡಿ ಬರೆದವನು ಅವನು, ಕನಿಕರಪಟ್ಟು ಬರೆದವನಲ್ಲ" ಎಂದರು.

ಆ ಕಾರ್ಖಾನೆಗಳಿಗೆ ಬರುತ್ತಿದ್ದ ಮೀನು ಎಲ್ಲಿ ಹೋಯಿತೆಂಬುದು ಈ ತೀರದ ಪ್ರತಿ ಮನೆಯ ಕಥೆ. ದೊಡ್ಡ ಟ್ರಾಲರ್‌ಗಳು ದಶಕಗಟ್ಟಲೆ ಕಡಲ ತಳವನ್ನು ಬಾಚಿದ ಮೇಲೆ ಕಾಡ್ ಮೀನಿನ ಸಂತತಿ ಕುಸಿಯಿತು. 1992ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ, ಮರುವರ್ಷ ಈ ಕಡೆಯಲ್ಲಿ ಸರಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಯುವಕರು ಊರು ಬಿಟ್ಟರು. ಈಗ ಊರಿನ ಜನಸಂಖ್ಯೆ ಸಾವಿರಕ್ಕೂ ಕಡಿಮೆ, 2012ರಲ್ಲಿ ಪಟ್ಟಣವೆಂಬ ಸ್ಥಾನವೂ ಹೋಗಿ ಗೈಸ್‌ಬರೊ ಆಡಳಿತಕ್ಕೆ ಸೇರಿತು. ಆದರೂ 1997ರಲ್ಲಿ ಈ ಜನ ಸ್ಟ್ಯಾನ್ ಹೆಸರಿನಲ್ಲಿ ಸಂಗೀತೋತ್ಸವ ಆರಂಭಿಸಿದರು. ಆ ದಿನಗಳಲ್ಲಿ ಊರಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಇಲ್ಲಿಗೆ ಬರುತ್ತಾರೆ.

ಚಹಾ ಆರುವಷ್ಟರಲ್ಲಿ ಅಣ್ಣ 'ಮರೀನ್ ಎಲೆಕ್ಟ್ರಿಕ್' ಹಡಗಿನ ವಿಷಯ ತೆಗೆದರು. ಕಲ್ಲಿದ್ದಲು ಹೊತ್ತ ಆ ಅಮೆರಿಕನ್ ಹಡಗು 1983ರ ಫೆಬ್ರವರಿ 12ರ ನಸುಕಿನಲ್ಲಿ ವರ್ಜೀನಿಯಾದ ಕರಾವಳಿಯಾಚೆ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇದ್ದ 34 ಮಂದಿಯಲ್ಲಿ ಉಳಿದದ್ದು ಮೂವರು. ಅವರಲ್ಲೊಬ್ಬರಾದ ಮುಖ್ಯ ಅಧಿಕಾರಿ ಬಾಬ್ ಕ್ಯೂಸಿಕ್, ಹಿಮದಂಥ ನೀರು ತುಂಬಿದ ರಕ್ಷಣಾ ದೋಣಿಯಲ್ಲಿ, ಒಂದೊಂದು ಅಲೆ ತಲೆಯ ಮೇಲೆ ಬಿದ್ದು ಹೋದಾಗಲೂ ಸ್ಟ್ಯಾನ್ ಅವರ 'ದಿ ಮೇರಿ ಎಲೆನ್ ಕಾರ್ಟರ್' ಹಾಡಿನ ಪಲ್ಲವಿಯನ್ನು ಕೂಗಿ ಹಾಡುತ್ತಾ ಬೆಳಕು ಹರಿಯುವವರೆಗೆ ಜೀವ ಹಿಡಿದುಕೊಂಡರು. ಮುಳುಗಿದ ಹಡಗನ್ನು ಮೇಲೆತ್ತಲು ಪಟ್ಟು ಹಿಡಿಯುವ ನಾವಿಕರ ಹಾಡು ಅದು. ಬದುಕಿ ಬಂದ ಮೇಲೆ ಅವರು ಸ್ಟ್ಯಾನ್‌ಗೆ ಪತ್ರ ಬರೆದರು. ಇಷ್ಟು ಹೇಳಿ ಮುದುಕರು ಸುಮ್ಮನಾದರು, ಯಾಕೆಂದರೆ ಮುಂದಿನದು ನಮಗೆಲ್ಲ ಗೊತ್ತಿತ್ತು.

ಅದೇ ವರ್ಷ ಜೂನ್ 2ರಂದು, ಟೆಕ್ಸಾಸ್‌ನ ಕರ್‌ವಿಲ್ ಜನಪದ ಉತ್ಸವ ಮುಗಿಸಿ ಸ್ಟ್ಯಾನ್ ಮನೆಗೆ ಹಿಂದಿರುಗುತ್ತಿದ್ದರು. ಡಲ್ಲಾಸ್‌ನಿಂದ ಟೊರಾಂಟೊಗೆ ಹೊರಟಿದ್ದ ವಿಮಾನದ ಹಿಂಭಾಗದ ಶೌಚಾಲಯದ ಬಳಿ ಬೆಂಕಿ ಕಾಣಿಸಿಕೊಂಡಿತು. ಹೊಗೆ ತುಂಬಿದ ವಿಮಾನವನ್ನು ಚಾಲಕರು ಸಿನ್ಸಿನ್ಯಾಟಿ ನಿಲ್ದಾಣದಲ್ಲಿ ಇಳಿಸಿದರು. ಆದರೆ ಬಾಗಿಲು ತೆರೆದು ಗಾಳಿ ಒಳನುಗ್ಗಿದ ಒಂದೂವರೆ ನಿಮಿಷದೊಳಗೆ ಒಳಭಾಗವೆಲ್ಲ ಹೊತ್ತಿಕೊಂಡಿತು. 46 ಮಂದಿಯಲ್ಲಿ 23 ಮಂದಿ ಹೊರಬರಲಾಗಲಿಲ್ಲ. ಸ್ಟ್ಯಾನ್‌ಗೆ ಆಗ 33 ವರ್ಷ. ಅವರ ಚಿತಾಭಸ್ಮವನ್ನು ನೋವಾ ಸ್ಕೋಶಿಯಾದ ಕಡಲಿಗೇ ಬಿಟ್ಟರು. ಆ ದುರಂತದ ತನಿಖೆಯ ನಂತರ ವಿಮಾನಗಳ ಶೌಚಾಲಯಗಳಲ್ಲಿ ಹೊಗೆ ಪತ್ತೆ ಮಾಡುವ ಸಾಧನ, ಬೇಗ ಹೊತ್ತದ ಆಸನದ ಹೊದಿಕೆ, ಹೊಗೆಯಲ್ಲೂ ಬಾಗಿಲಿನ ದಾರಿ ಕಾಣುವಂತೆ ನೆಲದ ಉದ್ದಕ್ಕೂ ದೀಪದ ಸಾಲು ಕಡ್ಡಾಯವಾದವು.

ಮಂಜು ಕರಗಿದ ಮೇಲೆ ಮಧ್ಯಾಹ್ನ ಧಕ್ಕೆಯವರೆಗೆ ನಡೆದುಹೋಗಿ ಬಂದೆವು. ಹೊರಡುವಾಗ ತಾಯಿ ಒಂದು ಬಾಟಲಿ ಬ್ಲೂಬೆರಿ ಜಾಮ್ ಕೈಗಿತ್ತು, ಮುಂದಿನ ಜುಲೈಗೆ ಬರಬೇಕೆಂದು ಮಾತು ತೆಗೆದುಕೊಂಡರು.

ಎರಡು ವಾರದ ನಂತರ ಕಚೇರಿಯ ಕೆಲಸಕ್ಕೆ ಟೊರಾಂಟೊಗೆ ಹೋಗಬೇಕಾಯಿತು. ಗಗನಸಖಿ ಸುರಕ್ಷತೆಯ ಮಾತುಗಳನ್ನು ಹೇಳುತ್ತಾ ನೆಲದ ದೀಪಗಳ ಕಡೆಗೆ ಕೈ ತೋರಿಸಿದಾಗ, ಅದುವರೆಗೆ ನೂರು ಬಾರಿ ಕೇಳಿಯೂ ತಲೆ ಎತ್ತದಿದ್ದ ನಾನು, ಫೋನನ್ನು ಕೆಳಗಿಟ್ಟು ಆ ತೆಳುವಾದ ಪಟ್ಟಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿದೆ. ನನ್ನ ಆಸನದಿಂದ ಬಾಗಿಲಿಗೆ ಏಳು ಸಾಲು.